ಅಮ್ಮನ ಸಮಾಧಿ ಹಾಡಿನ ಅಭ್ಯಾಸ

ಪುಟ್ಟೂ,

ಆಕ್ಸಿಜನ್ ಸಿಲಿಂಡರ್ ಬದಲಾಯಿಸಿಕೊಂಡು ಬರೋಕೆ ಹೋಗ್ತಿದ್ದೀನಿ. ಅಮ್ಮನ ಪಕ್ಕದಲ್ಲೇ ಇರು. ನಿನ್ನೆ ಥರ ಫೋನ್ ಹಿಡ್ಕೊಂಡು ಹೊರಗೆ ಕೂತರೆ ನೋಡು!

ಎದ್ದ ಕೂಡಲೇ ತನ್ನ ಸಮಾಧಿ ದಿನದ ಹಾಡನ್ನ ನಿನ್ನ ಕೈಲಿ ಹಾಡಿಸ್ತಾಳೆ. ಇಡೀ ಚರ್ಚಿಗೆ ಹಾಡು ಕಲಿಸಿದವಳು, ನಮ್ಮನ್ನ ಬಿಡ್ತಾಳಾ? "ಅವತ್ತು ತಿದ್ದೋಕೆ ನಾನಿರಲ್ಲ, ಈಗಲೇ ಕಲೀರಿ" ಅಂತಾಳೆ. ಅಳಬೇಡ, ಅತ್ತರೆ ಮೊದಲಿಂದ ಹಾಡಿಸ್ತಾಳೆ.

"ಯೇಸು ನನಗೆ ಜಾಗ ಮಾಡಿಟ್ಟಿದ್ದಾನೆ, ನೀನ್ಯಾಕೆ ಹೆದರ್ತೀಯ?" ಅಂತ ಬೆಳಿಗ್ಗೆ ನನ್ನನ್ನೇ ಗದರಿದಳು. ಅವಳಿಗೆ ಧೈರ್ಯ ಇದೆ ಕಣೋ. ನನಗೇ ಇಲ್ಲ.

ಒಂದು ಮಾತು. ಎರಡನೇ ಚರಣದಲ್ಲಿ ಬೇಕಂತಲೇ ಶ್ರುತಿ ತಪ್ಪಿಸು. ಸರಿಯಾಗಿ ಹಾಡಿಬಿಟ್ಟರೆ "ಇನ್ನು ನನ್ನ ಕೆಲಸ ಮುಗೀತು" ಅಂತ ಕಣ್ಣು ಮುಚ್ಚಿಬಿಡ್ತಾಳೇನೋ.

ನಾನು ಬರೋವರೆಗೂ ತಪ್ಪಾಗಿಯೇ ಹಾಡ್ತಿರು.

ಅಕ್ಕ