ಮೆಟ್ಟಿಲ ಬುಡದಲ್ಲಿ

ರಾಮನಗರ

ರಾಧಾಮಣಿಯವರೇ, ನಮಸ್ಕಾರ.

ತನುಜ ಇವತ್ತು ಶಾಲೆಗೆ ಬರಲಿಲ್ಲ. ಕಾರಣ ನಾನು.

ನಿನ್ನೆ ಮಕ್ಕಳಿಗೆ ಗಾಲಿಕುರ್ಚಿಯ ಹುಡುಗಿಯೊಬ್ಬಳ ಚಿತ್ರಕಥೆ ಓದಿ, ಯಾರನ್ನೂ ಬಿಟ್ಟು ಆಡಬಾರದೆಂದು ಹೇಳಿಕೊಟ್ಟೆ. ಓದಿದ್ದು ಮಹಡಿಯ ಕೋಣೆಯಲ್ಲಿ. ನಿಮ್ಮ ಮಗಳ ಗಾಲಿಕುರ್ಚಿಯನ್ನು ಮೆಟ್ಟಿಲ ಬುಡದಲ್ಲೇ ನಿಲ್ಲಿಸಿ, "ಎಲ್ಲರ ಚಪ್ಪಲಿ ನೋಡ್ಕೊಂಡಿರು, ಪುಟ್ಟಿ" ಎಂದಿದ್ದೆ. ಮೇಲೆ, ಶಾಲೆ ನೋಡಲು ಬಂದಿದ್ದ ಅಧಿಕಾರಿಗಳು ಚಪ್ಪಾಳೆ ತಟ್ಟಿದಾಗ ನನಗೆ ಅವಳ ನೆನಪೂ ಆಗಲಿಲ್ಲ.

ಆ ಕೋಣೆಯ ಪುಸ್ತಕಗಳನ್ನೆಲ್ಲ ಕೆಳಗಿನ ತರಗತಿಗೆ ಇಳಿಸಿದ್ದೇನೆ. ನಾಳೆ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೋಗುವ ಮುನ್ನ ದಯವಿಟ್ಟು ಅವಳನ್ನು ಬಿಟ್ಟುಹೋಗಿ.

ನಿನ್ನೆ ಕೆಳಗಿಳಿದು ಬಂದು ಆ ಪುಸ್ತಕದ ಹುಡುಗಿಯನ್ನು ತೋರಿಸಿದಾಗ ಅವಳು ಕೇಳಿದ್ದಳು: "ಮಿಸ್, ಇವ್ಳುನ್ನ ಮೇಲಕ್ಕೆ ಯಾರು ಎತ್ಕೊಂಡೋದ್ರು?"

ನಾನು ಪುಸ್ತಕ ಮುಚ್ಚಿದೆ.

ತನುಜಳ ಮಿಸ್,
ಸೌಮ್ಯ