ಏಳೂವರೆಗೆ ನನ್ನ ಸ್ವರ

ಕಾಪು
೧೦ ನವೆಂಬರ್ ೨೦೦೩, ಸೋಮವಾರ

ಪ್ರೀತಿಯ ಸೆಲೀನ್,

ಮಸ್ಕತ್ತಿನಲ್ಲಿ ನೀನೂ ಎಡ್ಮಂಡನೂ ಸೌಖ್ಯ ಎಂದು ತಿಳಿದಿದ್ದೇನೆ. ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯದೆ ಕುಳಿತದ್ದಕ್ಕೆ ಬೈಯುವುದಿದ್ದರೆ ಈಗಲೇ ಬೈದು ಮುಗಿಸು, ಆಮೇಲೆ ಬೈಯಲು ನಿನಗೆ ಮನಸ್ಸು ಬರುವುದಿಲ್ಲ. ನಿನ್ನ ಪಾಲಿನದ್ದನ್ನು ನಿನ್ನ ಅಮ್ಮ ಬರ್ತಾಬಾಯಿ ಆಗಲೇ ಬೈದಾಗಿದೆ. ಹೋದ ವಾರ ಕಲ್ಯಾಣಪುರದಲ್ಲಿ ಸಿಕ್ಕಿ, "ನನ್ನ ಮಗಳಿಗೆ ನಾಲ್ಕು ಸಾಲು ಬರೆಯಲಿಕ್ಕೆ ನಿನಗೆ ಎಂತ, ಕೈಗೆ ಮದರಂಗಿ ಹಚ್ಚಿದ್ದಾ?" ಎಂದು ಬಸ್‌ಸ್ಟ್ಯಾಂಡಿನಲ್ಲೇ ಕೇಳಿದರು. ನಾಲ್ಕು ಜನ ತಿರುಗಿ ನೋಡಿದರು, ಅದರಲ್ಲಿ ಇಬ್ಬರು "ಅದು ಧಾರಾವಾಹಿಯವಳಲ್ವಾ?" ಎಂದರು. ಖ್ಯಾತಿ ಎಂದರೆ ಇದೇ ನೋಡು.

ಈಗ ಸುದ್ದಿ ಕೇಳು. ಇವತ್ತು ಸಂಜೆ ಏಳೂವರೆಗೆ ನನ್ನ ಹೊಸ ಧಾರಾವಾಹಿಯ ಮೊದಲ ಕಂತು! "ಅದರಲ್ಲಿ ಎಂತ ಹೊಸತು, ನೀನು ಎರಡು ವರ್ಷದಿಂದ ಟಿವಿಯಲ್ಲಿ ದಿನಾ ಅಳುತ್ತಾ ಇಲ್ವಾ?" ಎನ್ನುತ್ತೀ. ಹೊಸತು ಉಂಟು ಮಾರಾಯ್ತಿ. ಈ ಸಲ ಸ್ವರವೂ ನನ್ನದೇ!

ಹಿಂದಿನದರಲ್ಲಿ ಮುಖ ಮಾತ್ರ ನನ್ನದಾಗಿತ್ತು. ನಾನು ಕ್ಯಾಮೆರಾದ ಎದುರು ಮಾತಾಡುವುದು, ಆಮೇಲೆ ಬೆಂಗಳೂರಿನ ಡಬ್ಬಿಂಗ್ ಕೋಣೆಯಲ್ಲಿ ಸವಿತಾ ಎಂಬ ಹುಡುಗಿ ನನ್ನ ತುಟಿ ನೋಡಿಕೊಂಡು ಅದೇ ಮಾತನ್ನು ತನ್ನ ಸ್ವರದಲ್ಲಿ ಹೇಳುವುದು. ಟಿವಿಯಲ್ಲಿ ಬಂದದ್ದು ಅವಳ ಸ್ವರ. ಡೈರೆಕ್ಟರು ಮೊದಲ ದಿನವೇ, "ನಿಮ್ ಕನ್ನಡ ಪಾಠ ಓದ್ದಂಗಿರುತ್ತೆ ಕಣ್ರೀ. ಯಾರ್ರೀ ಮನೇಲಿ ಹೀಗ್ ಮಾತಾಡ್ತಾರೆ?" ಎಂದು ಬಿಟ್ಟಿದ್ದರು. ಅವರಿಗೇನು ಗೊತ್ತು! ಮನೆಯವರಿಗೆ ತುಳು, ಹೊರಗಿನವರಿಗೆ ಕನ್ನಡ ಎಂದು ನಡೆಯುವ ಊರು ನಮ್ಮದು. ನೀನು ಕೊಂಕಣಿಯವಳು, ನಾನು ತುಳುವಿನವಳು, ನಮ್ಮಿಬ್ಬರ ನಡುವೆ ಸ್ನೇಹ ಕಟ್ಟಿದ್ದೂ ಕನ್ನಡವೇ. ಕಲ್ಯಾಣಪುರದ ಶಾಲೆಯಲ್ಲಿ ಕೋಲು ಹಿಡಿದು ಆ ಕನ್ನಡವನ್ನು ನಮ್ಮ ಬಾಯಿಗೆ ಹಾಕಿದವರು ನನ್ನ ಅಮ್ಮ. "ಹೋಗ್ತೇನೆ ಅಲ್ಲ, ಹೋಗುತ್ತೇನೆ. ಬಾಯಿ ಪೂರ್ತಿ ತೆರೆ" ಎಂದು ನಿನ್ನ ಗಲ್ಲ ಹಿಡಿದು ಹೇಳಿಸಿದ್ದು ನೆನಪುಂಟಲ್ಲ? ಅದೇ ಕನ್ನಡ ಬೆಂಗಳೂರಿನಲ್ಲಿ ನನಗೆ ಮುಳುವಾಯಿತು.

ಸ್ವರವನ್ನೇ ನಂಬಿ ಬದುಕಿದವಳು ನಾನು, ನನಗೆ ಮೂಗಿಯ ಪಟ್ಟ ಕಟ್ಟಿದರು ಸೆಲೀನ್! ಮಂಗಳೂರು ರೇಡಿಯೋದ ನಾಟಕಗಳಲ್ಲಿ ನನ್ನ ಮುಖ ಯಾರಿಗೆ ಕಾಣುತ್ತಿತ್ತು? ಕಾರ್ಕಳದ ಹೆಂಗಸರ ಯಕ್ಷಗಾನ ತಂಡದಲ್ಲಿ ಮಹಿಷಾಸುರನಾಗಿ ನಾನು ಅಬ್ಬರಿಸಿದರೆ ಎದುರು ಸಾಲಿನ ಮಕ್ಕಳು ತಾಯಂದಿರ ಸೆರಗಿನೊಳಗೆ ಸೇರುತ್ತಿದ್ದವು. ತುಳು ನಾಟಕ, ಉಡುಪಿಯಲ್ಲಿ ಭರತನಾಟ್ಯ, ಮಣಿಪಾಲದಲ್ಲಿ ಮಡಕೆಯ ಮೇಲೆ ಚಿತ್ರ ಬರೆಯುವ ಕ್ಲಾಸು, ಭಜನೆ ಬೇರೆ. "ಹತ್ತು ಕಟ್ಟುವಲ್ಲಿ ಒಂದು ಮುತ್ತು ಕಟ್ಟು" ಎಂದು ಅಮ್ಮ ಗದರಿದ್ದಕ್ಕೆ ಲೆಕ್ಕವಿಲ್ಲ. ಕಡೆಗೆ ಮುತ್ತು ಕಟ್ಟಿದೆ, ಅದರಲ್ಲಿ ನನ್ನ ಸ್ವರವೇ ಇರಲಿಲ್ಲ.

ಇಷ್ಟಾದರೂ ಸಹಿಸಿಕೊಳ್ಳುತ್ತಿದ್ದೆನೋ ಏನೋ. ಆದರೆ ಅಮ್ಮ! ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಹೋದದ್ದು ನಿನಗೆ ಬರೆದಿದ್ದೆ. ಈಗ ಬೆಳಕು, ನೆರಳು ಅಷ್ಟೇ. ಮರೆವೂ ಸೇರಿಕೊಂಡಿದೆ. ನಾನು ಒಳಗೆ ಬಂದರೆ ಕೆಲವೊಮ್ಮೆ "ಯಾರು ಬಂದದ್ದು?" ಎಂದು ಕೇಳುತ್ತಾರೆ. ಕಣ್ಣು ಕಾಣುವುದಿಲ್ಲವಲ್ಲ, ಅದಕ್ಕೆ. ಆದರೆ ಏಳೂವರೆ ಎಂದರೆ ತಪ್ಪಿಲ್ಲ, ಟಿವಿಯ ಎದುರು ಬೆತ್ತದ ಕುರ್ಚಿಯಲ್ಲಿ ಹಾಜರು. ವಾರ್ತೆ ಓದುವವಳು "ಹ"ಕಾರ ನುಂಗಿದರೆ ಇಲ್ಲಿಂದಲೇ ತಿದ್ದುತ್ತಾರೆ. ಎರಡು ವರ್ಷ ಅವರು ಮಗಳ ಧಾರಾವಾಹಿ ಕೇಳಿದರು, ಮಗಳನ್ನು ಕೇಳಲಿಲ್ಲ. ಕಣ್ಣಿದ್ದವರಿಗೆ ನಾನು ಅರ್ಧವಾದರೂ ಸಿಕ್ಕಿದ್ದೇನೆ, ಅಮ್ಮನಿಗೆ ಏನೂ ಸಿಗಲಿಲ್ಲ. ಈ ಸಲ ಅಮ್ಮ ನನ್ನ ಸ್ವರ ಕೇಳಲೇಬೇಕು ಎಂದು ಹಟ ಹಿಡಿದೆ.

ಹೊಸ ಕಥೆಯ ನಾಯಕಿ ನಮ್ಮ ಕರಾವಳಿಯವಳು. ಹಾಗಾಗಿ ಚಿತ್ರೀಕರಣ ನಮ್ಮ ಕಾಪುವಿಗೇ ಬಂತು. ಡೈರೆಕ್ಟರು ಹಿಂದಿನವರೇ. ನಾನು ಅವರಿಗೆ ನೇರವಾಗಿ ಹೇಳಿದೆ: "ಸ್ವರ ಬೇಡದಿದ್ದರೆ ಮುಖವೂ ಬೇಡ." ಅವರು "ಯೋಚ್ನೆ ಮಾಡೋಣ ಬಿಡಿ" ಎಂದರು. ಅಷ್ಟರಲ್ಲಿ ನನ್ನ ಜಾಗಕ್ಕೆ ಇನ್ನೊಬ್ಬಳನ್ನು ನೋಡಿಟ್ಟಿದ್ದಾರೆ ಎಂದು ಮೇಕಪ್ಪಿನವರು ಪಿಸುಗುಟ್ಟಿದರು. ಬಾಯಿ ಬಿಟ್ಟು ಕೆಟ್ಟೆನಾ ಎಂದುಕೊಂಡೆ.

ಮರುದಿನ ದೀಪಸ್ತಂಭದ ಬುಡದಲ್ಲಿ ದೃಶ್ಯ. ದೋಣಿಯ ಯಜಮಾನನಿಗೆ ನಾಯಕಿ ಬೈಯಬೇಕು. ಸುತ್ತ ಜನವೋ ಜನ. ಹೇಗೂ ಹೋಗುವವಳು, ಬೈದೇ ಹೋಗುತ್ತೇನೆ ಎಂದು ಅಮ್ಮ ಕಲಿಸಿದ ಕನ್ನಡದಲ್ಲಿ, ಒಂದಕ್ಷರ ನುಂಗದೆ ಬೈದೆ. "ಕಟ್" ಎಂದ ಕೂಡಲೇ ಚಪ್ಪಾಳೆ! ಉಚ್ಚಿಲದಲ್ಲಿ ಜಿನಸಿನ ಅಂಗಡಿ ಇಟ್ಟಿರುವ ಮಮ್ಮು ಬ್ಯಾರಿಗಳು ಹಗ್ಗ ದಾಟಿ ಡೈರೆಕ್ಟರ ಹತ್ತಿರವೇ ಬಂದರು.

"ಸಾರ್, ಟಿವಿಯಲ್ಲಿ ಇವರ ಸ್ವರ ಯಾಕೆ ಬೇರೆ ಬರುವುದು? ನಮ್ಮ ಟೀಚರ ಮಗಳಿಗೆ ಗಂಟಲು ಇಲ್ವಾ ಎಂತ?"

"ಹಾಗಲ್ಲ, ಭಾಷೆ ಸ್ವಲ್ಪ..."

"ಭಾಷೆಗೆ ಎಂತ ಆಗಿದೆ ಮಾರಾಯ್ರೆ? ನಮ್ಮ ಊರಿನ ಹೆಣ್ಣು ನಿಮ್ಮ ಊರಿನ ಬಾಯಿಯಲ್ಲಿ ಬೈದರೆ ನಮಗೆ ತಾಗುವುದಿಲ್ಲ."

ಜನ ಹೋ ಎಂದು ನಕ್ಕಿತು. ಡೈರೆಕ್ಟರೂ ನಕ್ಕರು. ಸಂಜೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆ ಬೈಗುಳವನ್ನು ಮತ್ತೆ ಮತ್ತೆ ಕೇಳಿ, "ಡಬ್ಬಿಂಗ್‌ಗೆ ನೀವೇ ಬನ್ನಿ" ಎಂದರು. ನಾನು ಅಲ್ಲೇ ಮಹಿಷಾಸುರನ ಒಂದು ಸುತ್ತು ಕುಣಿದೆ, ಸುಳ್ಳಲ್ಲ.

ಬೆಂಗಳೂರಿಗೆ ಹೋದರೆ ಡಬ್ಬಿಂಗ್ ಕೋಣೆಯಲ್ಲಿ ಸವಿತಾ ಕುಳಿತಿದ್ದಳು. ಅವಳ ಅನ್ನಕ್ಕೆ ಕೈ ಹಾಕಿದೆನಲ್ಲ ಎಂದು ನನಗೆ ನಾಚಿಕೆ. ಅವಳೋ, "ಬೇರೆ ಸೀರಿಯಲ್ ಇದೆ ಬಿಡಕ್ಕ. ಎರಡು ವರ್ಷ ನಿನ್ ತುಟಿ ನೋಡಿದೀನಿ, ನೀನೆಲ್ಲಿ ಉಸಿರು ತಗೋತೀಯ ಅಂತ ನಿನಗಿಂತ ನನಗೇ ಗೊತ್ತು" ಎಂದು ಪಕ್ಕದಲ್ಲಿ ನಿಂತು ಎಲ್ಲ ಕಲಿಸಿದಳು. ಬಿಡುವಿನಲ್ಲಿ ನಾನು ಅವಳ ಸ್ವರವನ್ನೇ ಅಣಕಿಸಿ ಹಿಂದಿನ ಧಾರಾವಾಹಿಯ ಸೊಸೆಯ ಹಾಗೆ ಅತ್ತು ತೋರಿಸಿದೆ. ಕಣ್ಣು ಮುಚ್ಚಿ ಕೇಳಿದರೆ ಯಾರು ಯಾರೆಂದು ಗೊತ್ತಾಗುವುದಿಲ್ಲ ಎಂದು ಸೌಂಡಿನವರು ಬಿದ್ದು ಬಿದ್ದು ನಕ್ಕರು.

ಈಗ ಗಂಟೆ ನಾಲ್ಕು. ಅಮ್ಮನನ್ನು ನೋಡಿಕೊಳ್ಳುವ ಹನುಮವ್ವನಿಗೆ ನನಗಿಂತ ಹೆಚ್ಚು ಸಂಭ್ರಮ. ಅವಳು ಬಾಗಲಕೋಟೆ ಕಡೆಯವಳು, ಗಂಡ ಮಣಿಪಾಲದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ. "ಅಕ್ಕಾರ, ಇವತ್ತ ಕರೆಂಟ್ ಹೋತಂದ್ರ ನಾ ಸುಮ್ನ ಬಿಡಂಗಿಲ್ಲ ನೋಡ್ರಿ" ಎಂದು ಈಗಲೇ ತಂತಿಯ ಕಂಬಕ್ಕೆ ಎಚ್ಚರಿಕೆ ಕೊಟ್ಟಿದ್ದಾಳೆ. ಅಮ್ಮನಿಗೆ ಶಾಲೆಗೆ ಉಡುತ್ತಿದ್ದ ಗಂಜಿ ಹಾಕಿದ ಸೀರೆ ಉಡಿಸಿದ್ದೇವೆ. ನಿನಗೆ ಪತ್ರ ಬರೆಯುತ್ತಿದ್ದೇನೆ ಎಂದೆ. "ಸೆಲೀನ್? ಅಕ್ಷರ ದುಂಡಗೆ ಬರೆಯುವವಳು. ನೂರು ವರ್ಷ ಬಾಳಲಿ" ಎಂದರು. ನೋಡು, ನಿನ್ನ ಅಕ್ಷರವೂ ನೆನಪುಂಟು ಅವರಿಗೆ! ಆ ಆಶೀರ್ವಾದವನ್ನು ಹಾಗೆಯೇ ಕಳುಹಿಸುತ್ತಿದ್ದೇನೆ, ಎಡ್ಮಂಡನಿಗೂ ಪಾಲು ಕೊಡು.

ನಿನ್ನ ಬಾಯಿಬಡಕಿ,
ನಳಿನಾಕ್ಷಿ

ಮ.ವಿ.: ಮಂಗಳವಾರ ಬೆಳಿಗ್ಗೆ. ಲಕೋಟೆ ಅಂಟಿಸಿರಲಿಲ್ಲ.

ಕರೆಂಟ್ ಹೋಗಲಿಲ್ಲ. ನನ್ನ ಸ್ವರ ಬಂತು. ಚೆನ್ನಾಗಿ ಬಂತು ಸೆಲೀನ್, ಹನುಮವ್ವ ಎದ್ದು ನಿಂತು ಚಪ್ಪಾಳೆ ಹೊಡೆದಳು. ಅಮ್ಮ ತಲೆ ಓರೆ ಮಾಡಿ ಪೂರ್ತಿ ಕೇಳಿದರು. ಮುಗಿದ ಮೇಲೆ, ಪಕ್ಕದಲ್ಲೇ ಕುಳಿತಿದ್ದ ನನ್ನ ಕಡೆ ತಿರುಗಿ, "ಉಚ್ಚಾರ ಶುದ್ಧವಾಗಿದೆ. ಆದರೆ ಇವರು ಯಾರು? ನನ್ನ ಮಗಳನ್ನು ಯಾಕೆ ತೆಗೆದರು? ನೀವು ಸ್ವಲ್ಪ ವಿಚಾರಿಸುತ್ತೀರಾ?" ಎಂದು ಕೇಳಿದರು.

ಮೇಲೆ ನಿನಗೆ ಒಂದು ಮಾತು ಬರೆಯದೆ ಬಿಟ್ಟಿದ್ದೆ. ಚೌತಿಯ ನಂತರ ಅಮ್ಮ ನನ್ನೊಡನೆ ತುಳು ಮಾತಾಡಿಲ್ಲ. ಕನ್ನಡ. "ಕುಳಿತುಕೊಳ್ಳಿ, ನೀರು ಕುಡಿಯುತ್ತೀರಾ?" ಎಂದು, ಹೊರಗಿನವರಿಗೆ ಹೇಳುವ ಹಾಗೆ. ನನ್ನ ಹಟವೆಲ್ಲ ಅದಕ್ಕಾಗಿಯೇ ಇತ್ತು. ಟಿವಿಯಿಂದ ನನ್ನ ಸ್ವರ ಕೇಳಿದರೆ ಗುರುತು ಹಿಡಿದಾರು ಎಂದು ಆಸೆ. ಎರಡು ವರ್ಷ ಏಳೂವರೆಗೆ "ನಿಮ್ಮ ಮಗಳು ಬಂದಳು" ಎಂದು ಮನೆಮಂದಿ, ನೆರೆಕರೆ ಎಲ್ಲ ಹೇಳುತ್ತಿದ್ದದ್ದು ಸವಿತಾಳ ಸ್ವರ ಕೇಳಿಸಿದಾಗ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಊಟಕ್ಕೆ ಕರೆದರೆ ಏಳಲಿಲ್ಲ. "ಮಗಳು ಬರಲಿ" ಎಂದು ಕುರ್ಚಿ ಹಿಡಿದು ಕುಳಿತರು. ಹನುಮವ್ವ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ನಾನು ಅಂಗಳಕ್ಕೆ ಇಳಿದೆ. ಚಪ್ಪಲಿ ಮೆಟ್ಟಿ ಸದ್ದು ಮಾಡುತ್ತಾ ಮತ್ತೆ ಮೆಟ್ಟಿಲು ಹತ್ತಿ, ಸವಿತಾಳ ಸ್ವರದಲ್ಲಿ, ಅವಳ ಉಸಿರಿನಲ್ಲಿ ಹೇಳಿದೆ: "ಅಮ್ಮಾ, ನಾನ್ ಬಂದೆ ಕಣಮ್ಮ."

ಅಮ್ಮ ಎರಡೂ ಕೈ ಮುಂದೆ ಚಾಚಿದರು. "ಬತ್ತನಾ ಮಗಾ?" ಎಂದರು, ತುಳುವಿನಲ್ಲಿ. "ಒಣಸ್ ಆಂಡಾ?"

"ಊಟ ಇನ್ನೂ ಆಗಿಲ್ಲ ಕಣಮ್ಮ" ಎಂದೆ, ಅದೇ ಸ್ವರದಲ್ಲಿ.