ಐದನೆಯ ಫ್ರೆಟ್‌ನಲ್ಲಿ ಸಾಯುತ್ತಿದ್ದ ಸ್ವರ

ಹೊಲಿಗೆ ಯಂತ್ರ ರಿಪೇರಿ ಅಂಗಡಿಯಿಂದ,
ಮಾರ್ಚ್ ೧೪, ಗುರುವಾರ ಮಧ್ಯಾಹ್ನ

ಪ್ರೀತಿಯ ಟಮಕಿ,

ಹೇಗಿದ್ದೀಯ ಮಗಳೇ? ಚಿಕ್ಕಮ್ಮನ ಮನೆಯ ಮೆಟ್ಟಿಲು ಹತ್ತಿ ಇಳಿದು ಮಂಡಿ ನೋಯುತ್ತಿದೆ ಎಂದು ಬರೆದಿದ್ದೀಯ. ಇಪ್ಪತ್ತಾರು ವರ್ಷಕ್ಕೇ ಮಂಡಿ ನೋವು ಬಂದರೆ ಅದು ನಾಲ್ಕನೆಯ ಮಹಡಿಯ ತಪ್ಪಲ್ಲ, ಹೊತ್ತಿಗೆ ಸರಿಯಾಗಿ ಉಣ್ಣದ ನಿನ್ನ ತಪ್ಪು. ರಾತ್ರಿ ಎಣ್ಣೆ ಹಚ್ಚಿಕೋ, ಟಿಕೆಟ್ ಕೌಂಟರಿನ ಕುರ್ಚಿಗೆ ಒಂದು ದಿಂಬು ಇಟ್ಟುಕೋ. ನಾನು ಚೆನ್ನಾಗಿದ್ದೇನೆ. ಕನ್ನಡಕದ ನಂಬರು ಏರಿದೆ, ಸೂಜಿಗೆ ದಾರ ಪೋಣಿಸಲು ಈಗ ಮೂರು ಸಲ ಬೇಕು. ನಾಲಿಗೆ ಮಾತ್ರ ಮೊದಲಿನಷ್ಟೇ ಹರಿತ ಎಂದು ಪಕ್ಕದ ಬೀಗದಂಗಡಿಯವರು ಹೇಳುತ್ತಿರುತ್ತಾರೆ.

ನಿನ್ನ ಬಾಸ್ ಗಿಟಾರ್ ಕೊಳ್ಳಲು ಶನಿವಾರ ಒಬ್ಬರು ಬರುತ್ತಾರೆ, ಕೊಟ್ಟು ಕಳಿಸು ಎಂದು ಬರೆದಿದ್ದೀಯ. ಕೊಡುವುದಿಲ್ಲ. ಅವರಿಗೆ ಬರಬೇಡಿ ಎಂದು ಆಗಲೇ ಹೇಳಿಯಾಯಿತು. ನೀನು ಎರಡು ವರ್ಷ ಇಲ್ಲಿಯ ಆ ವಾದ್ಯತಂಡದಲ್ಲಿ ನುಡಿಸಿದೆ. ತೆಳುವಾದ ತಂತಿಯನ್ನು ಹಿಡಿಯ ಮೇಲಿನ ಅಡ್ಡಗಂಬಿಗಳ ಪೈಕಿ ಐದನೆಯ ಫ್ರೆಟ್‌ನಲ್ಲಿ ಒತ್ತಿದಾಗಲೆಲ್ಲ ಸ್ವರ ಹುಟ್ಟಿದ ಕೂಡಲೇ ಸಾಯುತ್ತಿತ್ತು. ತಂಡದ ಯಜಮಾನರು ಎಲ್ಲರ ಮುಂದೆ, "ಬೆರಳಲ್ಲಿ ಬಲ ಇಲ್ಲದೋರು ಈ ವಾದ್ಯ ಯಾಕಮ್ಮ ಹಿಡೀಬೇಕು?" ಅಂದರು. ನೀನು ಆ ಮಾತನ್ನು ನಂಬಿದೆ. ಬಾಸನ್ನು ಮಂಚದ ಕೆಳಗೆ ತಳ್ಳಿ, ಇನ್ನು ಮುಟ್ಟುವುದಿಲ್ಲ ಎಂದು ಹೇಳಿ, ಚಿಕ್ಕಮ್ಮನ ಊರಿಗೆ ಹೋಗಿ ಟಿಕೆಟ್ ಹರಿಯುತ್ತ ಕೂತೆ. ಅದನ್ನು ನೆನೆದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಅವರು ಅಂದದ್ದಕ್ಕಿಂತ ನೀನು ನಂಬಿದ್ದಕ್ಕೆ ಹೆಚ್ಚು ಉರಿಯುತ್ತದೆ. ನನ್ನ ಅಂಗಡಿಗೆ ಬಂದ ಯಾವ ಗಿರಾಕಿಯಾದರೂ ಹೊಲಿಗೆ ತಪ್ಪಿದರೆ ತನ್ನ ಕೈಯನ್ನು ಬೈದುಕೊಂಡದ್ದುಂಟೇ? ಮೊದಲು ಮೆಷಿನ್ನನ್ನು ಬೈಯುತ್ತಾರೆ, ಆಮೇಲೆ ನನ್ನನ್ನು.

ಹಾಗಾಗಿ ಹೋದ ವಾರ ಬಾಸನ್ನು ಮಂಚದ ಕೆಳಗಿನಿಂದ ಎಳೆದು ತೆಗೆದು ಅಂಗಡಿಯ ಮೇಜಿನ ಮೇಲೆ ಮಲಗಿಸಿದೆ. ಒಂದೊಂದೇ ಫ್ರೆಟ್ ಒತ್ತಿ, ಮೀಟಿ, ಗೋಡೆ ಗಡಿಯಾರ ನೋಡಿಕೊಂಡು ಎಣಿಸಿದೆ. ಉಳಿದ ಸ್ವರಗಳು ಹತ್ತು ಎಣಿಸುವವರೆಗೆ ನಿಂತವು, ಐದನೆಯದು ಮೂರಕ್ಕೇ ಉಸಿರು ಬಿಟ್ಟಿತು. ಮೂವತ್ತು ವರ್ಷ ತುಕ್ಕು ಹಿಡಿದ ಸ್ಕ್ರೂ ಬಿಚ್ಚಿದ ಬೆರಳು ನನ್ನದು, ಇದಕ್ಕೂ ಬಲ ಇಲ್ಲವೇ? ಗಿಟಾರ್ ರಿಪೇರಿಯವನ ಹತ್ತಿರ ಹೋದೆ. ಅವನು ಮೀಟಿ ನೋಡಿ ನಕ್ಕ. "ಕತ್ತನ್ನ, ಈ ಉದ್ದನೆ ಹಿಡೀನ, ಬೋಲ್ಟ್ ಹಾಕಿ ಕೂರಿಸಿರೋ ಬಾಸ್‌ಗಳಲ್ಲಿ ಇದು ಇದ್ದದ್ದೇ ಅಕ್ಕ. ಆ ಒಂದು ಸ್ವರಕ್ಕೆ ಕತ್ತೂ ಜೊತೆಗೆ ನಡುಗುತ್ತೆ, ತಂತಿಯ ಕಸುವನ್ನೆಲ್ಲ ತಾನೇ ತಿಂದ್ಬಿಡುತ್ತೆ. ಸುಮ್ನೆ ಬಿಟ್ಬಿಡಿ" ಅಂದ. ಸುಮ್ಮನೆ ಬಿಡುವ ಜಾತಿಯವಳೇ ನಾನು? ಏನೇನು ಮಾಡಿ ನೋಡಬಹುದು ಎಂದು ಅವನ ತಲೆ ತಿಂದು ಕೇಳಿಕೊಂಡು ಬಂದೆ.

ತಂತಿ ಸಡಿಲಿಸಿ, ಹಿಂದಿನ ನಾಲ್ಕು ಬೋಲ್ಟ್ ಬಿಚ್ಚಿ, ಕತ್ತನ್ನು ಮೇಲಕ್ಕೆತ್ತಿದೆ. ಅದು ಕೂರುವ ಗುಳಿಯಲ್ಲಿ ಉಗುರಗಲದ ಒಂದು ಫೆಲ್ಟ್ ತುಂಡು, ಒತ್ತಿದ ದಪ್ಪ ಉಣ್ಣೆಬಟ್ಟೆ, ಇತ್ತು. ಹಸಿರು ಬಣ್ಣದ್ದು. ನಮ್ಮ ಅಂಗಡಿಯದೇ. ನೋಡಿದ ಕೂಡಲೇ ನೆನಪಾಯಿತು. ನೀನು ಹೊಸದಾಗಿ ಕಲಿಯುವಾಗ ತಂತಿ ಎತ್ತರ, ಬೆರಳು ಉರಿಯುತ್ತೆ ಎಂದು ಅತ್ತಿದ್ದೆ. ಕತ್ತು ಚೂರು ಓರೆಯಾದರೆ ತಂತಿ ತಗ್ಗುತ್ತದೆ ಎಂದು ಯಾರೋ ಹೇಳಿದ್ದರು. ನೀನು ಸ್ನಾನಕ್ಕೆ ಹೋದಾಗ ನಾನೇ ಬಿಚ್ಚಿ, ಕೈಗೆ ಸಿಕ್ಕಿದ್ದನ್ನು ಇಟ್ಟು ಬಿಗಿದಿದ್ದೆ. ಪ್ರತಿ ಮೆಷಿನ್ನಿನ ಕಾಲಿನ ಕೆಳಗೂ ನಾನು ಅದನ್ನೇ ಇಡುವುದು, ನಡುಕ ನುಂಗಲಿ, ಸದ್ದು ಕಡಿಮೆಯಾಗಲಿ ಎಂದು! ಹಾಡಬೇಕಾದ ಮರಕ್ಕೂ ಅದನ್ನೇ ಇಟ್ಟೆ. ಹೌದು, ನಾನೇ. ಬೈಯುವುದಿದ್ದರೆ ಎದುರಿಗೆ ಬಂದು ಬೈ.

ಫೆಲ್ಟ್ ಕಿತ್ತೆಸೆದೆ. ಮರದ ಅಡಿಪಟ್ಟಿಯೊಂದನ್ನು ಸೀಳಿ, ಒಂದು ತುದಿ ಕಾಗದದಷ್ಟು ತೆಳ್ಳಗಾಗುವವರೆಗೆ ಉಜ್ಜಿ, ಗುಳಿಯ ಉದ್ದಕ್ಕೂ ಕೂರುವ ಚಕ್ಕೆ ಮಾಡಿದೆ. ಬೋಲ್ಟ್ ಬಿಗಿದು ಶ್ರುತಿ ಮಾಡಿದ ಮೇಲೆ, ರಿಪೇರಿಯವನು ಹೇಳಿದಂತೆ ನಾಲ್ಕನ್ನೂ ಕಾಲು ಸುತ್ತು ಸಡಿಲಿಸಿದೆ. ತಂತಿಯ ಎಳೆತಕ್ಕೆ ಕತ್ತು ಟಕ್ ಎಂದು ತನ್ನ ಜಾಗಕ್ಕೆ ಸರಿದು ಕೂತಿತು, ಮತ್ತೆ ಬಿಗಿದೆ. ಸ್ವರ ಆರರವರೆಗೆ ಬಂತು. ಆಮೇಲೆ, ಭಾರ ಬಿದ್ದರೆ ನಡುಕ ಜಾಗ ಬದಲಿಸುತ್ತದೆಂದು ಕತ್ತಿನ ತುದಿಯ ತಲೆಗೆ ಒಂದು ಪುಟ್ಟ ಕ್ಲಾಂಪ್ ಸಿಕ್ಕಿಸಿ, ಬೆರಳಗಲ ಬೆರಳಗಲ ಸರಿಸುತ್ತ ಎರಡು ದಿನ ಕಳೆದೆ. ಒಂದು ಜಾಗದಲ್ಲಿ ಎಂಟರವರೆಗೆ ನಿಂತಿತು. ಪೂರ್ತಿ ಸರಿಯಾಯಿತೆಂದು ಸುಳ್ಳು ಹೇಳಲಾರೆ. ನಾಲ್ಕನೆಯ ಫ್ರೆಟ್ ಈಗ ಸ್ವಲ್ಪ ಮಂಕು. ಆದರೆ ಐದನೆಯದು ಬದುಕಿದೆ, ನಾನು ಮೀಟಿದರೂ ಬದುಕಿದೆ. ಗಿರಾಕಿಗಳು ಬಾಗಿಲಲ್ಲಿ ನಿಂತು ನನ್ನನ್ನು ಹುಚ್ಚಿಯೆಂಬಂತೆ ನೋಡಿದರು. ನೋಡಲಿ.

ಚಿಕ್ಕಮ್ಮನಿಗೆ ನನ್ನ ನೆನಪು ಹೇಳು, ಅವಳ ಹೊಲಿಗೆಯ ಕೈಮೆಷಿನ್ ಕಳಿಸಿದರೆ ಎಣ್ಣೆ ಹಾಕಿಕೊಡುತ್ತೇನೆ. ನಿನ್ನ ಬೆರಳು ತಣ್ಣಗಿರಲಿ, ನೂರು ಕಾಲ ನುಡಿಸಲಿ.

ಇಂತಿ ನಿನ್ನ,
ಹಟಮಾರಿ ಅಮ್ಮ

ಮರೆತಿದ್ದೆ: ಅಂಚೆಯವರು ಬಾಗಿಲಲ್ಲಿದ್ದಾರೆ, ಬೇಗ ಬರೆಯುತ್ತೇನೆ. ನಿನ್ನೆ ಬಾಸ್ ಹೊತ್ತುಕೊಂಡು ನಿಮ್ಮ ತಂಡದ ತಾಲೀಮು ಕೋಣೆಗೆ ಹೋಗಿದ್ದೆ. ಫೆಲ್ಟ್ ಇಟ್ಟವಳು ನಾನು, ನನ್ನ ಮಗಳ ಬೆರಳಿಗೆ ಏನೂ ಆಗಿಲ್ಲ ಎಂದು ಎಲ್ಲರ ಮುಂದೆ ಹೇಳಿದೆ. ಯಜಮಾನರು ಮೀಟಿ ನೋಡಿ, "ಅವಳು ಯಾವಾಗ ಬರ್ತಾಳೆ?" ಅಂದರು. "ಬಲ ಇಲ್ಲ ಅಂತ ಎಲ್ಲರ ಮುಂದೆ ಅಂದ್ರಲ್ಲ, ಅಂದದ್ದು ತಪ್ಪಾಯ್ತು ಅಂತಾನೂ ಎಲ್ಲರ ಮುಂದೆ ಹೇಳಿ, ಆಮೇಲೆ ಕೇಳಿ" ಅಂದೆ. ನೆಲ ನೋಡಿಕೊಂಡು ಹೇಳಿದರು, ಆದರೆ ಹೇಳಿದರು. ಬರುವುದು ಬಿಡುವುದು ನಿನ್ನಿಷ್ಟ. ಅವರ ಬಾಯಲ್ಲಿ ಹೇಳಿಸಿ ಮನೆಗೆ ಬಂದ ಮೇಲೆ ಹೊಳೆಯಿತು, ನಾನಿನ್ನೂ ಹೇಳಿಲ್ಲ. ಮೇಲೆ ಇಷ್ಟುದ್ದ ಬರೆದರೂ ಹೇಳಿಲ್ಲ. ತಪ್ಪಾಯಿತು ಮಗಳೇ.